112ಕ್ಕೋ, ಠಾಣೆಗೋ?

ಬೆಳಿಗ್ಗೆ ತೋಟಕ್ಕೆ ಹೋದರೆ ಬೋರ್‌ವೆಲ್ ಕೇಬಲ್ ಕತ್ತರಿಸಿಕೊಂಡು ಹೋಗಿದ್ದಾರೆ. ಇದಕ್ಕೆ ತುರ್ತು ನೆರವಿನ ನಂಬರು 112 ಬೇಡ. ಕಳ್ಳ ಹೋಗಿಯಾಗಿದೆ, ಈಗ ಬೇಕಿರುವುದು ಎಫ್‌ಐಆರ್, ಅದಕ್ಕೆ ಠಾಣೆಗೇ ಹೋಗಬೇಕು. ಅದೇ ಕೇಬಲ್ಲನ್ನು ನಡುರಾತ್ರಿ ಯಾರೋ ಗಾಡಿಗೆ ತುಂಬುತ್ತಿದ್ದರೆ ತಕ್ಷಣ 112. ಹತ್ತಿರ ಹೋಗಿ ಟಾರ್ಚ್ ಬಿಡಬೇಡಿ. ಗಾಡಿ ಯಾವುದು, ನಂಬರಿನಲ್ಲಿ ಕಂಡಷ್ಟು ಅಂಕಿ, ಯಾವ ಊರಿನ ದಾರಿ ಹಿಡಿಯಿತು, ಇಷ್ಟು ಹೇಳಿದರೆ ಸಾಕು.

ಹೋದ ಮಾಲಿನ ಬೆಲೆ ನೋಡಿ ನಿರ್ಧರಿಸುವವರೇ ಹೆಚ್ಚು. ಚನ್ನಗಿರಿ ಕಡೆ ಲಕ್ಷಗಟ್ಟಲೆ ಬೆಲೆಯ ಅಡಿಕೆ ಕಳುವಾಗಿದ್ದರೂ ಅದು ನಿನ್ನೆ ರಾತ್ರಿಯದಾದರೆ ಠಾಣೆಯ ಕೆಲಸ. ಗೇಣುದ್ದ ಬದುವಿನ ಜಗಳವೇ ಆಗಲಿ, ಕೈಗೆ ಮಚ್ಚು ಬಂದಿದ್ದರೆ 112. ಪೊಲೀಸರು ಈಗಲೇ ಬಂದರೆ ಏನಾದರೂ ತಪ್ಪುತ್ತದೆಯೇ, ಇಷ್ಟೇ ಕೇಳಿಕೊಳ್ಳಿ. ಅಂದಹಾಗೆ, ಬದು ಎಲ್ಲಿದೆ ಎಂದು ಪೊಲೀಸರು ಅಳೆದುಕೊಡುವುದಿಲ್ಲ. ಅದಕ್ಕೆ ಸರ್ವೆ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಹಾಕಬೇಕು.

ಮಗು ಅಥವಾ ಮರೆವಿನ ಕಾಯಿಲೆಯ ಹಿರಿಯರು ಕಾಣೆಯಾದರೆ 24 ಗಂಟೆ ಕಾಯಬೇಕು ಎಂಬುದು ಬರೀ ಸುಳ್ಳು. ಅಕ್ಕಪಕ್ಕದಲ್ಲಿ ಹುಡುಕುತ್ತಲೇ 112ಕ್ಕೆ ಹೇಳಿ.

112ಕ್ಕೆ ಮಾಡಿದ ಕರೆ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಜಿಲ್ಲೆಗೆ, ಹತ್ತಿರದ ಪೊಲೀಸ್ ಗಾಡಿಗೆ ಮಾಹಿತಿ ಬರುತ್ತದೆ. ಎಡವಟ್ಟಾಗುವುದು ಇಲ್ಲೇ. 'ಗಡಿಯಾರ ಕಂಬದ ಹತ್ತಿರ ಸಾರ್' ಎಂದರೆ ದಾವಣಗೆರೆಯವರಿಗೆ ಗೊತ್ತಾದೀತು, ಅಲ್ಲಿ ಕೂತವರಿಗೆ ಯಾವ ಊರಿನದೆಂದು ತಿಳಿಯಬೇಕಲ್ಲ? 'ಗೊಲ್ಲರಹಟ್ಟಿ' ಎಂದರಂತೂ ಚಿತ್ರದುರ್ಗ ಜಿಲ್ಲೆಯೊಂದರಲ್ಲೇ ಎಷ್ಟು ಹಟ್ಟಿಗಳಿಲ್ಲ! ಮೊದಲು ಜಿಲ್ಲೆ, ತಾಲ್ಲೂಕು, ಊರು. ಆಮೇಲೆ ಗುಡಿಯೋ ಶಾಲೆಯೋ, ಹತ್ತಿರದ ಗುರುತು. ನಂತರ ಏನಾಗುತ್ತಿದೆ, ಎಷ್ಟು ಜನಕ್ಕೆ ಪೆಟ್ಟಾಗಿದೆ, ಆಯುಧವಿದೆಯೇ. ಜಗಳದ ಹಿಂದಿನ ಕಥೆ ಆಮೇಲೆ ಹೇಳಬಹುದು.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಪಘಾತವಾದರೆ ಯಾವ ಬದಿ ಎಂಬುದನ್ನು ಬಿಡಲೇಬೇಡಿ: ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ ಬದಿಯೋ, ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಬದಿಯೋ. ನಡುವೆ ಡಿವೈಡರ್ ಇರುವುದರಿಂದ ತಪ್ಪು ಬದಿಗೆ ಬಂದ ಗಾಡಿ ಮುಂದಿನ ತಿರುವಿನವರೆಗೆ ಹೋಗಿ ವಾಪಸ್ ಬರಬೇಕು. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಆಂಬುಲೆನ್ಸಿಗೂ 112ರಲ್ಲೇ ಹೇಳಬಹುದು. ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ.

ಕರೆ ಮುಗಿದ ಮೇಲೆ ಫೋನ್ ಬಿಡುವಾಗಿಟ್ಟುಕೊಳ್ಳಿ. ದಾರಿ ಕೇಳಲು ಗಾಡಿಯ ಸಿಬ್ಬಂದಿ ಬೇರೆ ನಂಬರಿನಿಂದ ಕರೆ ಮಾಡುತ್ತಾರೆ. ಗೊತ್ತಿಲ್ಲದ ನಂಬರೆಂದು ಎತ್ತದವರು, ಊರಿಗೆಲ್ಲ ಸುದ್ದಿ ಹೇಳುತ್ತಾ ಲೈನ್ ಬ್ಯುಸಿ ಮಾಡಿಕೊಂಡವರು, ಗಾಡಿ ತಡವಾಯಿತೆಂದು ದೂರುವುದುಂಟು. ಕೈತಪ್ಪಿ 112 ಒತ್ತಿದ್ದರೂ ಕಟ್ ಮಾಡಬೇಡಿ. 'ತಪ್ಪಾಗಿ ಬಂತು' ಎಂದು ಹೇಳಿಬಿಟ್ಟರೆ ಅವರು ತಿರುಗಿ ಕರೆ ಮಾಡುವ ಕೆಲಸ ತಪ್ಪುತ್ತದೆ.

ನಮ್ಮ ಕಡೆ ಇನ್ನೊಂದು ಅಭ್ಯಾಸವಿದೆ: ಏನೇ ಆದರೂ ಮೊದಲು ಪರಿಚಯದ ಪೊಲೀಸಪ್ಪನ ಮೊಬೈಲಿಗೆ ಫೋನ್. ಅವರು ರಜೆಯಲ್ಲಿರಬಹುದು, ಬಂದೋಬಸ್ತಿಗೆಂದು ಬೇರೆ ಊರಿಗೆ ಹೋಗಿರಬಹುದು. ಬೀಟ್ ಪೊಲೀಸರ ನಂಬರು ಇಟ್ಟುಕೊಳ್ಳಿ, ಆದರೆ ಬೀದಿಯಲ್ಲಿ ಪುಂಡರ ಕಾಟ, ಖಾಲಿ ಮನೆಗೆ ಅಪರಿಚಿತರ ಓಡಾಟ, ಇಂಥವುಗಳಿಗೆ.

ಬ್ಯಾಂಕ್ ಖಾತೆಯಿಂದ ವಂಚಕರು ಹಣ ಎಳೆದಿದ್ದರೆ 112ಕ್ಕೂ ಠಾಣೆಗೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ಆ ಹಣ ಮುಂದಿನ ಖಾತೆಗಳಿಗೆ ದಾಟುವ ಮುನ್ನ ತಡೆಹಿಡಿಸಬೇಕು, ಹಾಗಾಗಿ ನಾಳೆ ನೋಡೋಣ ಎಂದರೆ ಕೆಟ್ಟಿತು. ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ.

112ರ ಗಾಡಿ ಬಂದು ಜಗಳ ಬಿಡಿಸಿತೆಂದರೆ ಕೇಸ್ ದಾಖಲಾಯಿತು ಎಂದಲ್ಲ. ದೂರನ್ನು ಠಾಣೆಗೇ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸರಹದ್ದು ಬೇರೆ ಎಂದು ವಾಪಸ್ ಕಳಿಸುವಂತಿಲ್ಲ. ಇ-ಮೇಲ್ ಮೂಲಕ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸಿಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಬರಹದಲ್ಲಿ ಅಂಚೆಯ ಮೂಲಕ ಎಸ್‌ಪಿಯವರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.