ಟ್ರೇಲರ್: ಹಿಂದಿದ್ದದ್ದು ಮುಂದೆ ಬಂದ ಕಥೆ

ನಮ್ಮ ಗಂಗಾವತಿಯಲ್ಲಿ ಟ್ರೇಲರ್ ಅಂದರೆ ಸಿನಿಮಾಕ್ಕಿಂತ ಮೊದಲು ನೆನಪಾಗುವುದು ಟ್ರ್ಯಾಕ್ಟರ್. ಭತ್ತದ ಸುಗ್ಗಿಯಲ್ಲಿ ಚೀಲ ಹೇರಿಕೊಂಡು ರೈಸ್ ಮಿಲ್ ಕಡೆ ಸಾಲುಗಟ್ಟಿ ಹೋಗುತ್ತವಲ್ಲ, ಆ ಟ್ರ್ಯಾಕ್ಟರ್ ಹಿಂದಿನ ಗಾಡಿ. ಬಾಯಲ್ಲಿ ಟ್ರ್ಯಾಲಿ, ಆರ್‌ಟಿಒ ಕಾಗದದಲ್ಲಿ ಟ್ರೇಲರ್. ಸಿನಿಮಾದ್ದೂ ಇದೇ ಪದ. ಇಂಗ್ಲಿಷಿನ 'ಟ್ರೇಲ್' ಅಂದರೆ ಬೆನ್ನ ಹಿಂದೆ ಎಳೆದುಕೊಂಡು ಬರುವುದು.

ಸಿನಿಮಾ ಟ್ರೇಲರ್ ಕೂಡ ಮೊದಲು ಹಿಂದೆಯೇ ಇತ್ತು. 1913ರಲ್ಲಿ ನ್ಯೂಯಾರ್ಕಿನಲ್ಲಿ ಥಿಯೇಟರ್‌ಗಳ ಪ್ರಚಾರ ನೋಡಿಕೊಳ್ಳುತ್ತಿದ್ದ ನಿಲ್ಸ್ ಗ್ರಾನ್‌ಲಂಡ್ ಎಂಬಾತ, ಬರಲಿರುವ ಸಂಗೀತ ನಾಟಕವೊಂದರ ತಾಲೀಮನ್ನು ಚಿಕ್ಕ ತುಣುಕು ಮಾಡಿ ತೋರಿಸಿದ. ಅದನ್ನೇ ಮೊದಲ ಟ್ರೇಲರ್ ಎಂದು ಎಣಿಸುವವರು ಹೆಚ್ಚು. ಆ ಕಾಲದಲ್ಲಿ ಇಂಥ ತುಣುಕು ಹಾಕುತ್ತಿದ್ದದ್ದು ಸಿನಿಮಾ ಮುಗಿದ ಮೇಲೆ. ಮುಗಿದ ಮೇಲೆ ಕೂರುವವರು ಯಾರು? ಜನ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಹಾಗಾಗಿ ಅದನ್ನು ಸಿನಿಮಾಕ್ಕಿಂತ ಮುಂದೆ ತಂದರು. ಹೆಸರು ಮಾತ್ರ ಬದಲಾಗಲಿಲ್ಲ. ಟ್ರ್ಯಾಲಿ ಬಿಚ್ಚಿ ಇಂಜಿನ್ ಮುಂದೆ ಕಟ್ಟಿದ ಹಾಗೆ!

ಈಗ ಈ ಪದ ಸಿನಿಮಾ ಬಿಟ್ಟು ಊರೊಳಗೂ ಓಡಾಡುತ್ತಿದೆ. ಮಾರ್ಚ್ ಬಿಸಿಲಿಗೆ ಯಾರಾದರೂ ಉಸ್ಸಪ್ಪಾ ಅಂದರೆ, 'ಇದು ಬರೇ ಟ್ರೇಲರ್ ರೀ, ಮೇ ತಿಂಗಳು ಬರ್ಲಿ ತಡೀರಿ' ಅನ್ನುತ್ತಾರೆ. ಅರ್ಥ ಸರಿಯಾಗೇ ಹಿಡಿದಿದ್ದಾರೆ. ಸ್ವಲ್ಪ ತೋರಿಸಿ, ಉಳಿದದ್ದಕ್ಕೆ ಕಾಯಿಸುವುದು. ಟೀಸರ್ ಇನ್ನೂ ಚಿಕ್ಕದು, ಒಂದು ಗುಂಗು ಹಿಡಿಸಿ ಹೋಗುತ್ತದೆ. ಟ್ರೇಲರ್ ಬರುವುದು ರಿಲೀಸ್ ಹತ್ತಿರ ಬಂದಾಗ. ಸಾಮಾನ್ಯವಾಗಿ ಎರಡು, ಎರಡೂವರೆ ನಿಮಿಷ. ಕಥೆಯ ಒಂದು ಎಳೆ ಕೈಗೆ ಕೊಡುತ್ತದೆ.

ಎಷ್ಟು ಎಳೆ ಕೊಡಬೇಕು ಅನ್ನುವುದರಲ್ಲೇ ಇರೋದು ಅದರ ತಾಕತ್ತು. ನಮ್ಮ ಕಡೆಯ ಬಯಲಾಟವಾದ ದೊಡ್ಡಾಟ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಪಾದ, ಕಾಣುವುದು ಅಷ್ಟೇ. ಮದ್ದಳೆ ಜೋರಾಗುತ್ತದೆ. ತೆರೆ ಸರಿದ ಮೇಲೂ ರಾಜ ಸುಮ್ನೆ ಹೆಸರು ಹೇಳಿಬಿಡುವುದಿಲ್ಲ. ಆಟ ನಡೆಸಿಕೊಡುವ ಸಾರಥಿ 'ತಾವು ಧಾರು?' ಅಂತ ಕೇಳಬೇಕು. ಅಷ್ಟೊತ್ತಿಗೆ ಮುಂದೆ ಕೂತ ಹುಡುಗರ ನಿದ್ದೆ ಹಾರಿರುತ್ತದೆ. ಗಟ್ಟಿ ಟ್ರೇಲರ್ ಮಾಡುವ ಕೆಲಸವೂ ಇದೇ. ಸಾರಥಿಯ ಆ ಪ್ರಶ್ನೆಯನ್ನು ನಮ್ಮ ಬಾಯಿಗೆ ತಂದಿಟ್ಟು, ಉತ್ತರಕ್ಕೆ ಮೊದಲೇ ತೆರೆ ಎಳೆದುಬಿಡುವುದು.

ಒಂದು ಸಿನಿಮಾ ಊಹಿಸಿಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಓಟ ಕಲಿಯುವ ಹುಡುಗಿಯ ಕಥೆ. ಕೆಟ್ಟ ಟ್ರೇಲರ್ ಏನು ಮಾಡುತ್ತದೆ? ಬಡತನ, ಅವಮಾನ, ಕೋಚ್ ಭಾಷಣ, ಕೊನೆಗೆ ಕೊರಳಲ್ಲಿ ಪದಕ. ಎಲ್ಲ ಹೇಳಿ ಮುಗಿಸಿತು, ಟಿಕೆಟ್ ಯಾಕೆ ತಗೋಬೇಕು? ಇನ್ನೊಂದು ರೀತಿ ನೋಡಿ. ಕತ್ತಲು. ಬರೀ ಉಸಿರಿನ ಸದ್ದು, ಮಣ್ಣಿನ ಮೇಲೆ ಬರಿಗಾಲು. ಏರಿ ಮೇಲೆ ಬಿಟ್ಟ ಒಂದು ಜೊತೆ ಹವಾಯಿ ಚಪ್ಪಲಿ. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಅವ್ವ ಸೊಂಟ ನೆಟ್ಟಗೆ ಮಾಡಿ ಆ ಕಡೆ ನೋಡುತ್ತಾಳೆ, ಮಾತಿಲ್ಲ. ಓಟದ ಗೆರೆಯ ಮೇಲೆ ಬೆರಳು ಊರುತ್ತವೆ. ಸೀಟಿ. ಪರದೆ ಕಪ್ಪು. ಇದರಲ್ಲಿ ಗೆಲುವೇ ಇಲ್ಲ, ಆದರೂ ಮೈ ಜುಮ್ ಅನ್ನುತ್ತದೆ. ಹುರುಪು ತುಂಬುವ ಟ್ರೇಲರ್ ಅಂದರೆ ನನ್ನ ಪ್ರಕಾರ ಇದು. ಆಸೆ ಮತ್ತು ಅಡ್ಡಿ ಎರಡೂ ಕಾಣಬೇಕು, ಫಲಿತಾಂಶ ಕಾಣಬಾರದು. ಹೀರೋ ಸ್ಲೋಮೋಷನ್‌ನಲ್ಲಿ ನಡೆದು ಬರುವ ಬಿಲ್ಡಪ್ ಟ್ರೇಲರ್‌ಗಳು ನನಗಂತೂ ಎಲ್ಲವೂ ಒಂದೇ ಥರ ಕಾಣುತ್ತವೆ.

ಅರ್ಧ ಕೆಲಸ ಸದ್ದಿನದು. ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಏರಿಸುತ್ತಾ ಹೋಗಿ ಗಕ್ಕನೆ ನಿಲ್ಲಿಸುತ್ತಾರೆ. ಆ ಒಂದೆರಡು ಸೆಕೆಂಡಿನ ಮೌನದಲ್ಲಿ ಬಿದ್ದ ಮಾತು ಮನೆಗೆ ಹೋದರೂ ಕಿವಿಯಲ್ಲಿರುತ್ತದೆ. ಎಡಿಟರ್ ಕೈಚಳಕವೂ ಕಡಿಮೆ ಅಲ್ಲ. ಒಂದು ಸೀನಿನ ಪ್ರಶ್ನೆಗೆ ಬೇರೆ ಯಾವುದೋ ಸೀನಿನ ಉತ್ತರ ಹೊಲಿಯುತ್ತಾರೆ. ಮೋಸ ಅನ್ನಿ, ಜಾಣತನ ಅನ್ನಿ.

ಮೌನಕ್ಕೆ ಉಲ್ಟಾ ಉದಾಹರಣೆಯೂ ಇದೆ. 1960ರ ಹಾಲಿವುಡ್ ಸಿನಿಮಾ 'ಸೈಕೋ'ದ ಟ್ರೇಲರ್ ಆರು ನಿಮಿಷಕ್ಕೂ ಜಾಸ್ತಿ. ಅದರಲ್ಲಿ ನಿರ್ದೇಶಕ ಹಿಚ್‌ಕಾಕ್ ತಾನೇ ಸೆಟ್ ಸುತ್ತುತ್ತಾ ಮಾತಾಡುತ್ತಾನೆ, ಮನೆ ತೋರಿಸಲು ಬಂದ ಬ್ರೋಕರ್ ಥರ. ಇಲ್ಲಿ ಕೊಲೆ ಆಯಿತು ಅಂತಾನೆ, ಮುಂದಿನದು ಬಾಯಿಗೆ ಬಂದಾಗ ನುಂಗಿಕೊಂಡು ಬೇರೆ ಕೋಣೆಗೆ ನಡೆಯುತ್ತಾನೆ. ಮಾತು ಹೆಚ್ಚಿದರೂ ಗುಟ್ಟು ಬಿಡಲಿಲ್ಲ, ಅಲ್ವಾ?

ಇವತ್ತು ಟ್ರೇಲರ್ ಜಾಸ್ತಿ ನೋಡುವುದು ಫೋನಿನಲ್ಲಿ. ಬೆರಳು ಮೇಲೆ ಸರಿಯುವ ಮೊದಲೇ ಹಿಡಿಯಬೇಕು. ಅದಕ್ಕೇ ಎಷ್ಟೋ ಟ್ರೇಲರ್‌ಗಳ ಶುರುವಿನ ಐದು ಸೆಕೆಂಡಿನಲ್ಲಿ ಆ ಟ್ರೇಲರ್‌ನದ್ದೇ ಇನ್ನೊಂದು ಪುಟಾಣಿ ಟ್ರೇಲರ್ ಇರುತ್ತದೆ.

ಮೊನ್ನೆ ಬೆಳಿಗ್ಗೆ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದೆ. ಪಕ್ಕದ ಟೇಬಲ್ ಹುಡುಗನ ಫೋನಿನಲ್ಲಿ ಟ್ರೇಲರ್ ಓಡುತ್ತಿತ್ತು, ಸೌಂಡ್ ಪೂರ್ತಿ ಇಟ್ಟಿದ್ದ. ನನಗೆ ಕಾಣುತ್ತಿರಲಿಲ್ಲ. ಡೊಳ್ಳು ಏರಿತು, ಯಾರೋ ಓಡಿದರು, ಸದ್ದು ನಿಂತಿತು. ಒಬ್ಬ ಮುದುಕಿಯ ದನಿ, 'ಬಾಗಿಲು ತೆಗಿಬ್ಯಾಡ' ಅಂತು. ಮಿರ್ಚಿ ಕೈಯಲ್ಲೇ ಹಿಡಿದು ತಿರುಗಿ ನೋಡಿದೆ. ಅವನು ಆಗಲೇ ಮುಂದಿನ ರೀಲ್ಸ್‌ಗೆ ಹೋಗಿದ್ದ.

'ಯಾವ ಪಿಚ್ಚರ್‌ದು ತಮ್ಮಾ ಅದು?'

'ಗೊತ್ತಿಲ್ರೀ ಅಣ್ಣ, ಹಂಗಾ ಬಂತು.'