ಸಿಂಕಿನ ಆಚೆ

ಮಂಡ್ಯ ಕಡೆಯ ಒಂದು ಹಳ್ಳಿಯ ಜೂನಿಯರ್ ಕಾಲೇಜಿನಲ್ಲಿ ಕೆಲವು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ್ದೇನೆ. ಲ್ಯಾಬಿನ ಹಿಂಗೋಡೆಯಿಂದ ಒಂದು ಪೈಪು ಹೊರಗೆ ಬಂದು ಮಣ್ಣಿನ ಚರಂಡಿಗೆ ಬೀಳುತ್ತಿತ್ತು. ಮಳೆ ಬಿದ್ದು ಆವರಣವೆಲ್ಲ ಗರಿಕೆ ಹಬ್ಬಿದರೂ ಆ ಪೈಪಿನ ಬಾಯಿಯ ಸುತ್ತ ಒಂದು ಎಸಳೂ ಚಿಗುರುತ್ತಿರಲಿಲ್ಲ. ಸಿಮೆಂಟಿನ ಮೇಲೆ ನೀಲಿ-ಹಸಿರು ಕಲೆ. ಅದು ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಗುರುತು ಎಂದು ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ. ತೆಂಗಿನ ಸುಳಿ ಕೊಳೆತಾಗ ಮೈಲುತುತ್ತ, ಸುಣ್ಣ ಕಲಸಿ ಹಾಕುವುದನ್ನು ಮನೆಯಲ್ಲೇ ನೋಡಿದ್ದವರು ಅವರು. ಚರಂಡಿ ಮುಂದೆ ಹೋಗಿ ಗದ್ದೆಯ ಕಾಲುವೆಗೆ ಸೇರುತ್ತಿತ್ತು.

ಪರಿಸರಸ್ನೇಹಿ ಶಾಲೆ ಎಂದಾಗ ನಮಗೆ ನೆನಪಾಗುವುದು ಗಿಡ ನೆಡುವುದು, ಎರಡು ಬಣ್ಣದ ಕಸದ ಬುಟ್ಟಿ. ಅವು ಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಹುಟ್ಟಿದಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಬೇರ್ಪಡಿಸಲು ಹೇಳಿದವು. ಅದೇ ವರ್ಷ ನಗರಗಳ ಸ್ವಚ್ಛತೆ ಅಳೆಯುವ ಕೇಂದ್ರದ ಸಮೀಕ್ಷೆ ಸ್ವಚ್ಛ ಸರ್ವೇಕ್ಷಣದಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲು ಬಂದಿತು. ಆ ಹೆಸರಿನ ಹಿಂದೆ ಬೀದಿ ಗುಡಿಸಿದವರ, ಕುಂಬಾರಕೊಪ್ಪಲಿನ ಘಟಕದಂಥ ಕಡೆ ಕುಳಿತು ಕಸ ಆಯ್ದವರ ಕೈಗಳಿವೆ. ಒಡೆದ ಪರೀಕ್ಷಾ ನಳಿಕೆಯನ್ನು ಕಾಗದದ ಬುಟ್ಟಿಗೆ ಎಸೆದರೆ ಕೊಯ್ಯುವುದು ಅಂಥ ಕೈಗಳನ್ನೇ. ಗಾಜಿಗೆಂದೇ ಒಂದು ದಪ್ಪ ರಟ್ಟಿನ ಡಬ್ಬ ಇಟ್ಟು ಮೇಲೆ ಚೀಟಿ ಅಂಟಿಸುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಬಿಸಿಯೂಟದ ಅಡುಗೆಮನೆಯ ಕಸ ಅಷ್ಟು ಕಷ್ಟದ್ದಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಾಗಿ ಯಾರದಾದರೂ ಹಸುವಿಗೆ ಹೋಗುತ್ತದೆ. ಉಳಿದದ್ದು ಗುಂಡಿಗೆ. ಹಸಿ ಕಸದಲ್ಲಿ ನೀರು, ಸಾರಜನಕ ಹೆಚ್ಚು. ಒಣಗಿದ ಎಲೆಯಲ್ಲಿ, ಕಬ್ಬಿನ ತರಗಿನಲ್ಲಿ ಇಂಗಾಲ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಹಿತ. ಹಾಗಾಗಿ ಒಂದು ಪದರ ಹಸಿ, ಅದರ ಮೇಲೆ ದಪ್ಪಗೆ ತರಗು. ಗುಂಡಿ ನಾರಿದರೆ ತರಗು ಸಾಲದು ಎಂದರ್ಥ. ಮೈದಾನದ ಮೂಲೆಯಲ್ಲಿ ಎಲೆ ಗುಡ್ಡೆ ಹಾಕಿ ಬೆಂಕಿ ಕೊಡುವ ಶಾಲೆ ತನ್ನ ಗೊಬ್ಬರವನ್ನೇ ಸುಡುತ್ತಿರುತ್ತದೆ. ಅದರ ಹೊಗೆ ಕುಡಿಯುವವರು ಮಕ್ಕಳು.

ಅದೇ ಅಡುಗೆಮನೆಯಲ್ಲಿ ಲ್ಯಾಬಿಗೆ ಬೇಕಾದ ವಸ್ತುವೊಂದು ದಿನಾ ತಿಪ್ಪೆ ಸೇರುತ್ತಿದೆ: ಬಿಸಿಯೂಟದ ಮೊಟ್ಟೆಯ ಚಿಪ್ಪು. ಅದರ ತೂಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನದೇ ಸರಕು. ಆಮ್ಲಕ್ಕೆ ಹಾಕಿದರೆ ಬುರುಬುರು ನೊರೆ ಬಂದು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ಆಮ್ಲದ ತೀಕ್ಷ್ಣತೆ ಇಳಿಯುತ್ತದೆ. ಲೆಕ್ಕವನ್ನು ಮಕ್ಕಳ ಕೈಲೇ ಮಾಡಿಸಬಹುದು. ಒಂದು ಚಿಪ್ಪಿನಲ್ಲಿ ಸುಮಾರು 5 ಗ್ರಾಂ ಕಾರ್ಬೊನೇಟ್ ಇದೆ ಎಂದುಕೊಳ್ಳಿ. 100 ಗ್ರಾಂ ಕಾರ್ಬೊನೇಟಿಗೆ 73 ಗ್ರಾಂ ಹೈಡ್ರೊಕ್ಲೋರಿಕ್ ಆಮ್ಲ ಸರಿಹೋಗುತ್ತದೆ, 5 ಗ್ರಾಂಗೆ 3.65 ಗ್ರಾಂ. ನಾವು ಹನಿಹನಿಯಾಗಿ ಬೆರೆಸಿ ಸಾಂದ್ರತೆ ಅಳೆಯುವ ಟೈಟ್ರೇಷನ್‌ಗೆ ಬಳಸುವ 0.1 ಮೋಲಾರ್ ಸಾಂದ್ರತೆಯ ದ್ರಾವಣದ ಒಂದು ಲೀಟರಿನಲ್ಲಿರುವುದೂ ಅಷ್ಟೇ. 40 ಮಕ್ಕಳು ತಲಾ 50 ಮಿಲಿಲೀಟರ್ ಉಳಿಸಿದರೆ ಎರಡು ಲೀಟರ್, ಎರಡು ಮೊಟ್ಟೆಯ ಚಿಪ್ಪು! ತೊಳೆದು, ಬಿಸಿಲಿಗೆ ಒಣಗಿಸಿ, ಕುಟ್ಟಿ ಪುಡಿ ಮಾಡಿ ಲೆಕ್ಕದ ಎರಡರಷ್ಟು ಹಾಕಿ ರಾತ್ರಿಯಿಡೀ ಬಿಟ್ಟರೆ ಸಾಕು. ಬೆಳಗ್ಗೆ ನೀಲಿ ಲಿಟ್ಮಸ್ ಕೆಂಪಾಗದಿದ್ದರೆ ಸಿಂಕಿಗೆ ಬಿಡಬಹುದು. ಗಂಧಕಾಮ್ಲದ ವಿಷಯದಲ್ಲಿ ಮಾತ್ರ ಚಿಪ್ಪಿನ ಮೇಲೆ ಜಿಪ್ಸಂ ಪೊರೆ ಕಟ್ಟಿ ಕ್ರಿಯೆ ನಿಧಾನವಾಗುತ್ತದೆ, ಆಗಾಗ ಕಲಕುತ್ತಿರಬೇಕು. ಗಾಢ ಆಮ್ಲಕ್ಕೆ ನೇರವಾಗಿ ಚಿಪ್ಪು ಹಾಕುವ ಸಾಹಸ ಬೇಡ.

ಆಮ್ಲ ತಣಿದರೂ ಲೋಹ ಉಳಿಯುತ್ತದೆ. ಕೊಟ್ಟ ಲವಣದಲ್ಲಿ ಏನೇನಿದೆ ಎಂದು ಪತ್ತೆಹಚ್ಚುವ ಲವಣ ವಿಶ್ಲೇಷಣೆಯ ದಿನ ಒಂದೊಂದು ಬೆಂಚಿನಲ್ಲೂ ಸೀಸ, ಬೇರಿಯಂ, ತಾಮ್ರ ಇರುತ್ತವೆ. ಅಮೋನಿಯಂ ಪತ್ತೆಗೆ ಬಳಸುವ ನೆಸ್ಲರ್ ಕಾರಕದಲ್ಲಿ ಇರುವುದು ಪಾದರಸವೇ. ಇವನ್ನು ಸುಟ್ಟು ಇಲ್ಲವಾಗಿಸಲಾಗದು, ಕೊಳೆಸಲೂ ಆಗದು. ನೀರಿಂದ ಬೇರ್ಪಡಿಸಿ ಹಿಡಿದಿಡಬೇಕು. ಅದರ ಉಪಾಯ ಪಠ್ಯದಲ್ಲೇ ಇದೆ. ಸೀಸ, ಬೇರಿಯಂ ಉಳಿಕೆಗೆ ಸೋಡಿಯಂ ಸಲ್ಫೇಟ್ ಹಾಕಿದರೆ ಎರಡೂ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತವೆ. ತಾಮ್ರದ ನೀರಿಗೆ ಕಬ್ಬಿಣದ ಮೊಳೆ ಹಾಕಿದರೆ ಕಬ್ಬಿಣ ಕರಗಿ ತಾಮ್ರ ಕೆಂಪಗೆ ಮೊಳೆಯ ಮೇಲೆ ಕೂರುತ್ತದೆ. ಹತ್ತನೇ ತರಗತಿಯವರೂ ಬಲ್ಲ ಪ್ರಯೋಗ ಇದು, ಆದರೆ ಅಂಕಕ್ಕಾಗಿ ಮಾಡಿ ದ್ರಾವಣವನ್ನು ಚೆಲ್ಲಿಬಿಡುತ್ತೇವೆ. ತಾಮ್ರ ಪೂರ್ತಿ ಇಳಿಯಿತೇ ಎಂದು ನೋಡಲು ಸ್ವಲ್ಪ ಅಮೋನಿಯಾ ಬೆರೆಸಿ ಸೋಸಿದರಾಯಿತು: ಸೋಸಿದ ನೀರು ಕಡುನೀಲಿಯಾದರೆ ಇನ್ನೂ ಇದೆ.

ಹೀಗೆ ಕೂಡಿದ ಗಸಿ ಗೊಬ್ಬರದ ಗುಂಡಿಗೂ ಅಲ್ಲ, ನಗರಸಭೆಯ ಗಾಡಿಗೂ ಅಲ್ಲ. ಸೀಸೆಯಲ್ಲಿ ತುಂಬಿ, ಒಳಗೇನಿದೆ ಎಂದು ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಟ್ಟವರ ಕೈ ಸೇರಿಸಬೇಕು. ಎರಡು ಸೀಸೆಗಾಗಿ ಹಳ್ಳಿಯ ಶಾಲೆಗೆ ಯಾರು ಬರುತ್ತಾರೆ? ವರ್ಷಕ್ಕೊಮ್ಮೆ, ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮೇಲೆ, ಇಲಾಖೆಯೇ ತಾಲ್ಲೂಕಿನ ಎಲ್ಲ ಲ್ಯಾಬುಗಳಿಂದ ಒಟ್ಟಿಗೆ ಸಂಗ್ರಹಿಸಲಿ. ಉತ್ತರಪತ್ರಿಕೆಯ ಬಂಡಲು ಸಾಗಿಸುವ ವ್ಯವಸ್ಥೆಗೆ ಇದು ಅಸಾಧ್ಯವಲ್ಲ.

ಥರ್ಮಾಮೀಟರ್ ಒಡೆದಾಗ ಮಕ್ಕಳು ಪಾದರಸದ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ಆಡುತ್ತಾರೆ. ಅದು ಕೋಣೆಯ ಬಿಸಿಗೇ ಆವಿಯಾಗುವ ವಿಷ. ಪೊರಕೆಯಿಂದ ಗುಡಿಸಿದರೆ ಇನ್ನಷ್ಟು ಸಣ್ಣ ಹನಿಗಳಾಗಿ ಸಂದಿಗೊಂದಿ ಸೇರುತ್ತದೆ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಗಟ್ಟಿ ಕಾಗದದಿಂದ ಒಟ್ಟುಮಾಡಿ, ಡ್ರಾಪರಿನಲ್ಲಿ ಎತ್ತಿ ಮುಚ್ಚಳದ ಸೀಸೆಗೆ ಹಾಕಬೇಕು. ಪಾದರಸವನ್ನು ದೂರವಿಡಲು 2013ರಲ್ಲಿ ರೂಪುಗೊಂಡ ಮಿನಮಾಟ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಶಾಲೆಗೆ ಆಲ್ಕೋಹಾಲ್ ಥರ್ಮಾಮೀಟರ್ ಸಾಕು.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಕಡಿಮೆ ಬಳಸುವುದು. ನಳಿಕೆ ತುಂಬ ನಡೆಸುವ ಎಷ್ಟೋ ಪರೀಕ್ಷೆಗಳು ಬಿಳಿ ಟೈಲಿನ ಮೇಲೆ ನಾಲ್ಕು ಹನಿಯಲ್ಲಿ ಮುಗಿಯುತ್ತವೆ, ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಕೊನೆಯ ಎರಡು ವರ್ಷ ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಉದ್ದೇಶ, ವಿಧಾನ, ಫಲಿತಾಂಶದ ಕೆಳಗೆ ಇನ್ನೊಂದು ಸಾಲು ಬರೆಸಿದೆ: ‘ಉಳಿದದ್ದು ಎಲ್ಲಿಗೆ ಹೋಯಿತು?’ ಮೊದಮೊದಲು ಎಲ್ಲರೂ ‘ಸಿಂಕಿಗೆ’ ಎಂದು ಬರೆದರು. ಒಂದು ತಿಂಗಳಾದ ಮೇಲೆ ಒಬ್ಬ ಹುಡುಗಿ ಬರೆದಳು: ‘ಮೈಲುತುತ್ತ, 20 ಮಿ.ಲೀ. ಮೂರು ಮೊಳೆ ಹಾಕಿದೆ. ಎರಡು ದಿನವಾದರೂ ಇನ್ನೂ ಸ್ವಲ್ಪ ನೀಲಿ ಇದೆ. ಸೋಮವಾರ ಬಂದು ನೋಡುತ್ತೇನೆ.’