ಪರಾವಲಂಬಿಯ ಡಿಎನ್‌ಎ: ಎಲ್ಲ ಬದಲಾವಣೆಯೂ ಮ್ಯುಟೇಶನ್ ಅಲ್ಲ

ಈ ಪಾಠದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮಲೇರಿಯಾ ಪರಾವಲಂಬಿ ಔಷಧಿಗೆ ಬಗ್ಗುವುದಿಲ್ಲ, ರೋಗಾಣುಗಳ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳ ಕೈಗೂ ಸಿಗುವುದಿಲ್ಲ. ಎರಡಕ್ಕೂ ಸುಮ್ನೆ ‘ಮ್ಯುಟೇಶನ್ ಆಗುತ್ತದೆ’ (ಡಿಎನ್‌ಎಯ ಅಕ್ಷರಗಳು ಬದಲಾಗುತ್ತವೆ) ಎಂದು ಬರೆದುಬಿಡುತ್ತಾರೆ. ಆದರೆ ಒಳಗೆ ನಡೆಯುವ ಕೆಲಸ ಎರಡರಲ್ಲೂ ಬೇರೆ ಬೇರೆ.

ಮೊದಲು ಔಷಧಿಯ ಕಥೆ. ಮಲೇರಿಯಾ ತರುವ ಪರಾವಲಂಬಿಗಳಲ್ಲೊಂದಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಡಿಎನ್‌ಎಯಲ್ಲಿ 14 ಕ್ರೋಮೋಸೋಮ್‌ಗಳಿವೆ, ಸುಮಾರು 2.3 ಕೋಟಿ ಅಕ್ಷರಗಳಿವೆ (ಎ, ಟಿ, ಜಿ, ಸಿ ಎಂಬ ನಾಲ್ಕೇ ಬಗೆ). ಅದರಲ್ಲಿ ಶೇ 80ರಷ್ಟು ಬರೀ ಎ ಮತ್ತು ಟಿ. ಏಳನೇ ಕ್ರೋಮೋಸೋಮ್‌ನಲ್ಲಿ ಪಿಎಫ್‌ಸಿಆರ್‌ಟಿ ಎಂಬ ಜೀನ್ ಇದೆ. ಅದು ತಯಾರಿಸುವ ಪ್ರೋಟೀನಿನ 76ನೇ ಜಾಗವನ್ನು ನೋಡಿ. ಅದಕ್ಕೆ ಜೀನಿನಲ್ಲಿ ಎ-ಎ-ಎ ಇದ್ದರೆ ಅಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಮಣಿ) ಬರುತ್ತದೆ. ನಡುವಿನ ಎ ಹೋಗಿ ಸಿ ಬಂದರೆ, ಅಂದರೆ ಎ-ಸಿ-ಎ ಆದರೆ, ಥ್ರಿಯೋನಿನ್ ಎಂಬ ಬೇರೆ ಮಣಿ. ಒಂದೇ ಅಕ್ಷರ!

ಅಷ್ಟಕ್ಕೇ ಏನಾಯಿತು ಅಂತೀರಾ? ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದಾಗ ಹೀಮ್ ಎಂಬ ವಿಷ ಉಳಿಯುತ್ತದೆ. ಅದನ್ನು ಹರಳು ಮಾಡಿ ಅದು ಬಚಾವಾಗುತ್ತದೆ. ಹರಳಾಗಲು ಬಿಡದಿರುವುದೇ ಮಲೇರಿಯಾ ಔಷಧಿ ಕ್ಲೋರೋಕ್ವಿನ್‌ನ ಕೆಲಸ. ಇದೆಲ್ಲ ನಡೆಯುವುದು ಪರಾವಲಂಬಿಯೊಳಗಿನ ಜೀರ್ಣಕೋಶದಲ್ಲಿ, ಪಿಎಫ್‌ಸಿಆರ್‌ಟಿ ಪ್ರೋಟೀನ್ ಇರುವುದು ಅದರ ಪೊರೆಯಲ್ಲೇ. ಲೈಸಿನ್‌ಗೆ ಧನ ವಿದ್ಯುದಂಶ, ಕ್ಲೋರೋಕ್ವಿನ್‌ಗೂ ಅದೇ. ಹಾಗಾಗಿ ಔಷಧಿ ಆ ದಾರಿಯಲ್ಲಿ ಹೊರಹೋಗದೆ ಒಳಗೇ ಉಳಿಯುತ್ತದೆ. ಲೈಸಿನ್ ಹೋದರೆ ದಾರಿ ತೆರೆದಂತೆ. (ಜೊತೆಗೆ ಬೇರೆ ಕೆಲವು ಬದಲಾವಣೆಗಳೂ ಇರುತ್ತವೆ, ಆದರೆ ಗುರುತಿಗೆ 76 ಸಾಕು.) ನಮ್ಮ ದೇಹದಲ್ಲಿರುವಾಗ ಪರಾವಲಂಬಿಗೆ ಪ್ರತಿ ಜೀನಿನದೂ ಒಂದೇ ಪ್ರತಿ. ಮರೆಮಾಡಲು ಎರಡನೆಯದು ಇಲ್ಲ, ಬದಲಾವಣೆಯ ಪರಿಣಾಮ ತಕ್ಷಣ ಕಾಣುತ್ತದೆ.

ಆಫ್ರಿಕಾದ ಮಲಾವಿಯ ಉದಾಹರಣೆ ನನಗೆ ತುಂಬಾ ಇಷ್ಟ. ಆ ದೇಶ 1993ರಲ್ಲಿ ಕ್ಲೋರೋಕ್ವಿನ್ ಬಳಕೆ ಕೈಬಿಟ್ಟಿತು. 76ರ ಬದಲಾವಣೆ ಹೊತ್ತ ಪರಾವಲಂಬಿಗಳು ಕೆಲವೇ ವರ್ಷಗಳಲ್ಲಿ ಅಲ್ಲಿ ವಿರಳವಾದವು. ಮ್ಯುಟೇಶನ್ ವಾಪಸ್ ತಿರುಗಿದ್ದಲ್ಲ. ಹಳೆಯ ತಳಿ ಅಲ್ಲಲ್ಲಿ ಉಳಿದಿತ್ತು, ಅದೇ ಹಬ್ಬಿತು. ಔಷಧಿ ಇಲ್ಲದಾಗ ಈ ಬದಲಾವಣೆ ಲಾಭವಲ್ಲ, ಹೊರೆ.

ಈಗ ಪ್ರತಿಕಾಯಗಳ ಕಥೆ. ಅದೇ ಫಾಲ್ಸಿಪಾರಂನಲ್ಲಿ ‘ವಾರ್’ ಎಂಬ ಸುಮಾರು 60 ಜೀನ್‌ಗಳಿವೆ. ಒಂದು ಹೊತ್ತಿಗೆ ಕೆಲಸ ಮಾಡುವುದು ಒಂದೇ. ಅದರ ಪ್ರೋಟೀನ್ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣದ ಮೇಲ್ಮೈಗೆ ಬಂದು ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ, ಕೆಟ್ಟ ರಕ್ತಕಣಗಳನ್ನು ಸೋಸಿ ತೆಗೆಯುವ ಗುಲ್ಮದ ಕಡೆ ಆ ಕಣ ಹೋಗುವುದು ತಪ್ಪುತ್ತದೆ. ದೇಹ ಆ ಪ್ರೋಟೀನಿಗೆ ಪ್ರತಿಕಾಯ ತಯಾರಿಸುವ ಹೊತ್ತಿಗೆ ಕೆಲವು ಪರಾವಲಂಬಿಗಳು ಬೇರೊಂದು ವಾರ್ ಜೀನ್ ಚಾಲೂ ಮಾಡಿಕೊಂಡಿರುತ್ತವೆ. ಇಲ್ಲಿ ಅಕ್ಷರ ಬದಲಾಗಬೇಕಿಲ್ಲ, ಸ್ವಿಚ್ ಬದಲಾದರೆ ಸಾಕು.

ಹಾಗಂತ ಇದನ್ನೇ ಆಫ್ರಿಕಾದ ನಿದ್ರಾರೋಗ ತರುವ ಇನ್ನೊಂದು ಪರಾವಲಂಬಿ ಟ್ರಿಪನೊಸೋಮಾಗೂ ಅನ್ವಯಿಸಬೇಡಿ. ಅದರಲ್ಲಿ ವಿಎಸ್‌ಜಿ ಎಂಬ ಹೊದಿಕೆಯ ಜೀನ್‌ಗಳು ಸಾವಿರಕ್ಕೂ ಜಾಸ್ತಿ, ಬಹುಪಾಲು ಅರೆಬರೆ. ಅದು ಬೇಕಾದ ಜೀನನ್ನು, ಇಲ್ಲವೇ ಅರೆಬರೆ ತುಂಡುಗಳನ್ನು ಜೋಡಿಸಿ, ಚಾಲೂ ಇರುವ ಜಾಗಕ್ಕೆ ನಕಲು ಮಾಡುತ್ತದೆ. ಹಳೆಯದು ಅಳಿಸಿಹೋಗುತ್ತದೆ. ಅಂದರೆ ಇಲ್ಲಿ ಡಿಎನ್‌ಎ ನಿಜವಾಗಿಯೂ ಬದಲಾಯಿತು, ಅಲ್ವಾ?

ಸೊಳ್ಳೆಯ ಪಾತ್ರ ಮರೆಯಬೇಡಿ. ಮಲೇರಿಯಾ ಪರಾವಲಂಬಿಯ ಗಂಡು–ಹೆಣ್ಣು ಕಣಗಳು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ. ಎರಡು ತಳಿಗಳು ಒಟ್ಟಿಗೆ ಸಿಕ್ಕರೆ ಜೀನ್‌ಗಳು ಕಲೆತು ಹೊಸ ಜೋಡಣೆ ಹುಟ್ಟುತ್ತದೆ. ಇನ್ನು ಒಂದೇ ಪ್ರತಿ ಇರಬೇಕಾದ ಜೀನಿನ ಪ್ರತಿಗಳು ಕೆಲವೊಮ್ಮೆ ಹೆಚ್ಚುವುದೂ ಉಂಟು: ಪಿಎಫ್‌ಎಂಡಿಆರ್1 ಎಂಬ ಜೀನ್ ಹೆಚ್ಚು ಪ್ರತಿಗಳಲ್ಲಿದ್ದರೆ ಮೆಫ್ಲೋಕ್ವಿನ್ ಎಂಬ ಮಲೇರಿಯಾ ಔಷಧಿ ಸರಿಯಾಗಿ ನಾಟುವುದಿಲ್ಲ.

ಕೊನೆಯ ಬಗೆ ಜೀನ್ ಪೂರ್ತಿ ಕಳೆದುಹೋಗುವುದು. ಬೆರಳು ಚುಚ್ಚಿ ಮಾಡುವ ಹಲವು ಮಲೇರಿಯಾ ಕಿಟ್‌ಗಳು ಹುಡುಕುವುದು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು. ಆ ಜೀನ್ ಇಲ್ಲದ ಪರಾವಲಂಬಿಗಳು ಪೆರುವಿನ ಅಮೆಜಾನ್ ಪ್ರದೇಶದಲ್ಲಿ ಪತ್ತೆಯಾದ ವರದಿ 2010ರಲ್ಲಿ ಬಂತು. ಜ್ವರ ಇದೆ, ಸೂಕ್ಷ್ಮದರ್ಶಕದಲ್ಲಿ ಪರಾವಲಂಬಿ ಕಾಣುತ್ತದೆ, ಕಿಟ್ ಮಾತ್ರ ನೆಗೆಟಿವ್ ಎನ್ನಬಹುದು. ಅದಕ್ಕೇ ಎಲ್‌ಡಿಎಚ್ ಎಂಬ ಕಿಣ್ವ ಹುಡುಕುವ ಕಿಟ್‌ಗಳೂ ಇವೆ. ಸಕ್ಕರೆಯಿಂದ ಶಕ್ತಿ ಪಡೆಯಲು ಪರಾವಲಂಬಿಗೆ ಆ ಕಿಣ್ವ ಬೇಕೇ ಬೇಕು, ಆ ಜೀನ್ ಕಳೆದುಕೊಂಡು ಬದುಕುವುದು ಅದಕ್ಕೆ ಕಷ್ಟ.